ಆಧುನಿಕ ಚೀನಾದ ಚರಿತ್ರೆಯನ್ನು ಓದುವುದು ಹೇಗೆ? ದುಭಾಷಿಗಳ ಬೆನ್ನು ಹತ್ತಿ ಒಂದು ದಾರಿ

ಆಧುನಿಕ ಚೀನಾದ ಚರಿತ್ರೆ ಎಂದು ಯಾವ ಪುಸ್ತಕ ತೆರೆದರೂ ಮೊದಲು ಎದುರಾಗುವುದು ಅಫೀಮು ಯುದ್ಧ. ಆಮೇಲೆ ಸೋಲು, ಒಪ್ಪಂದ, ದಂಗೆ, ಮತ್ತೆ ಸೋಲು. ಐವತ್ತು ಪುಟ ದಾಟುವಷ್ಟರಲ್ಲಿ ಹೆಸರುಗಳೆಲ್ಲ ಕಲಸಿಹೋಗಿ, ಪುಸ್ತಕ ಕಪಾಟಿಗೆ ವಾಪಸಾಗುತ್ತದೆ. ಆಸಕ್ತಿಯಿಂದ ಹೊರಟ ಓದುಗರು ಹೀಗೆ ಅರ್ಧ ದಾರಿಯಲ್ಲಿ ನಿಲ್ಲುವುದಕ್ಕೆ ಕಾರಣ ಅವರ ಸೋಮಾರಿತನವಲ್ಲ. ಹಿಡಿದ ದಾರಿ ಬರೀ ದಂಡು, ದರಬಾರುಗಳದ್ದಾಗಿರುವುದು.

ಇಲ್ಲಿ ಸೂಚಿಸುತ್ತಿರುವುದು ಬೇರೊಂದು ದಾರಿ. ಚೀನಾಕ್ಕೂ ಪಶ್ಚಿಮಕ್ಕೂ ನಡುವೆ ನಿಂತವರನ್ನು ಹಿಡಿದು ಓದುವುದು: ದುಭಾಷಿಗಳು, ಅನುವಾದಕರು, ದಲ್ಲಾಳಿಗಳು, ಹಡಗು ಹತ್ತಿ ಓದಲು ಹೋದ ಹುಡುಗರು. ಯಾವ ಘಟನೆಗೆ ಬಂದರೂ ನಾಲ್ಕು ಪ್ರಶ್ನೆ ಕೇಳಿ. ಇಬ್ಬರ ನಡುವೆ ನಿಂತು ಮಾತು ದಾಟಿಸಿದವರು ಯಾರು? ಯಾವ ಭಾಷೆಯಲ್ಲಿ ದಾಟಿಸಿದರು? ಅವರಿಗೆ ಸಂಬಳ ಕೊಟ್ಟವರು ಯಾರು? ಆಮೇಲೆ ಅವರ ಗತಿ ಏನಾಯಿತು? ಕೊನೆಯ ಪ್ರಶ್ನೆಯನ್ನು ಮಾತ್ರ ಎಂದೂ ಬಿಡಬೇಡಿ.

ಹೆಜ್ಜೆ 1: ಹೆಸರು ಮತ್ತು ಇಸವಿಗಳ ತೊಡಕು ಬಿಡಿಸಿಕೊಳ್ಳಿ

ಒಂದು ನೋಟ್ ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ಹಳೆಯ ಹೆಸರು, ಈಗಿನ ಹೆಸರು, ಯಾರು ಅಥವಾ ಎಲ್ಲಿ. ಕ್ಯಾಂಟನ್ ಎಂದರೆ ಗುವಾಂಗ್‌ಝೌ, ಅಮೋಯ್ ಎಂದರೆ ಶಿಯಾಮೆನ್, ಪೀಕಿಂಗ್ ಎಂದರೆ ಬೀಜಿಂಗ್. ಚಿಯಾಂಗ್ ಕೈ ಷೇಕ್ ಎಂದು ನಾವು ಓದಿದವನೇ ಹೊಸ ಪುಸ್ತಕಗಳಲ್ಲಿ ಜಿಯಾಂಗ್ ಜಿಯೆಶಿ. ಸನ್ ಯಾತ್ ಸೆನ್‌ನನ್ನು ಚೀನಾದಲ್ಲಿ ಕರೆಯುವುದು ಸುನ್ ಝೊಂಗ್‌ಶಾನ್ ಎಂದು. ಚೀನಿಯರ ಹೆಸರಿನಲ್ಲಿ ಮನೆತನ ಮೊದಲು ಬರುತ್ತದೆ. ಮಾವೋ ಎನ್ನುವುದು ಮನೆತನದ ಹೆಸರು. ಕನ್ನಡ ಪತ್ರಿಕೆಗಳು ಈ ಹೆಸರುಗಳನ್ನು ಒಂದೊಂದು ಕಾಲಕ್ಕೆ ಒಂದೊಂದು ಬಗೆಯಲ್ಲಿ ಬರೆದಿವೆ. ಕಾಗುಣಿತದ ಬಗ್ಗೆ ತಲೆ ಕೆಡಿಸಿಕೊಳ್ಳದೆ ಇಬ್ಬರು ಒಬ್ಬರೇ ಎಂಬುದನ್ನು ಖಚಿತಪಡಿಸಿಕೊಂಡರೆ ಸಾಕು.

ಇಸವಿಯಲ್ಲೂ ಇಂಥದೇ ತೊಡಕು. ಚಕ್ರವರ್ತಿಗಳ ಕಾಲದ ದಾಖಲೆಗಳು ಆಳ್ವಿಕೆಯ ವರ್ಷದಿಂದ ಲೆಕ್ಕ ಹಿಡಿಯುತ್ತವೆ: ಡಾವೊಗುವಾಂಗ್ ಆಳ್ವಿಕೆಯ 20ನೇ ವರ್ಷವೆಂದರೆ ಸ್ಥೂಲವಾಗಿ 1840. ಗಣರಾಜ್ಯದ ಕಾಲದಲ್ಲಿ 1912 ಮೊದಲ ವರ್ಷ. ಜೊತೆಗೆ ಅರವತ್ತು ವರ್ಷಗಳ ಒಂದು ಚಕ್ರ ಉಂಟು; ಪ್ರಭವ, ವಿಭವ ಎಂದು ಸಂವತ್ಸರ ಎಣಿಸುವ ನಮಗೆ ಅದು ಅಷ್ಟೇನೂ ಅಪರಿಚಿತವಲ್ಲ. 1894ರ ಜಪಾನ್ ಯುದ್ಧ, 1898ರ ಸುಧಾರಣೆ, 1911ರ ಕ್ರಾಂತಿ ಇವೆಲ್ಲಕ್ಕೂ ಚೀನಿಯರು ಆ ಚಕ್ರದ ವರ್ಷದ ಹೆಸರನ್ನೇ ಇಟ್ಟಿದ್ದಾರೆ. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಎದುರಾದಾಗ ಗಾಬರಿಯಾಗದಿದ್ದರೆ ಸಾಕು.

ಹೆಜ್ಜೆ 2: 1840ರಿಂದ ಶುರು ಮಾಡಬೇಡಿ

ಅಫೀಮು ಯುದ್ಧದ ಆ ಇಸವಿಯಿಂದ ಶುರು ಮಾಡಿದರೆ ಚೀನಾ ಮಲಗಿತ್ತು, ಪಶ್ಚಿಮ ಬಂದು ಬಾಗಿಲು ಒದ್ದು ಎಬ್ಬಿಸಿತು ಎಂಬ ಕಥೆ ತಾನಾಗಿಯೇ ತಲೆಯಲ್ಲಿ ಕೂರುತ್ತದೆ. ಅದು ಹಡಗಿನಲ್ಲಿ ಬಂದವರ ಕಥೆ. ಕನಿಷ್ಠ ಮತ್ತೇಯೊ ರಿಚ್ಚಿಯವರೆಗಾದರೂ ಹಿಂದೆ ಹೋಗಿ. ಈ ಇಟಾಲಿಯನ್ ಜೆಸ್ಯೂಟ್ ಪಾದ್ರಿ ಗೋವಾ, ಕೊಚ್ಚಿಗಳಲ್ಲಿ ನಾಲ್ಕು ವರ್ಷ ಕಳೆದು 1582ರಲ್ಲಿ ಮಕಾವು ತಲುಪಿದ. ಬೀಜಿಂಗ್‌ನಲ್ಲಿ ನೆಲೆಯೂರಿದ್ದು 1601ರಲ್ಲಿ. ಶು ಗುವಾಂಗ್‌ಚಿ ಎಂಬ ವಿದ್ವಾಂಸನ ಜೊತೆ ಕುಳಿತು ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗಗಳನ್ನು 1607ರಲ್ಲಿ ಚೀನಿ ಭಾಷೆಗೆ ತಂದ. ರಿಚ್ಚಿ ಬಾಯಲ್ಲಿ ಹೇಳಿದ, ಶು ಬರೆದ. ಒಬ್ಬ ಹೇಳುವುದು, ಇನ್ನೊಬ್ಬ ಬರೆಯುವುದು ಎಂಬ ಈ ಪದ್ಧತಿ ಮುಂದಿನ ಮುನ್ನೂರು ವರ್ಷ ಮತ್ತೆ ಮತ್ತೆ ಕಾಣಿಸುತ್ತದೆ, ಗುರುತು ಹಾಕಿಕೊಳ್ಳಿ.

ಆಮೇಲಿನ ನೂರು ವರ್ಷಗಳನ್ನು ಬೇಗ ದಾಟಬಹುದು. ಪಿತೃಗಳಿಗೆ ಸಲ್ಲಿಸುವ ಪೂಜೆಯನ್ನು ಕ್ರೈಸ್ತರು ಮಾಡಬಹುದೇ ಎಂಬ ಜಗಳ ರೋಮ್‌ವರೆಗೆ ಹೋಗಿ, ಪೋಪ್ ಬೇಡವೆಂದ. ಸಿಟ್ಟಿಗೆದ್ದ ಚಕ್ರವರ್ತಿ ಧರ್ಮಪ್ರಚಾರವೇ ಬೇಡವೆಂದ. ಇಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು.

ಹೆಜ್ಜೆ 3: ಗುವಾಂಗ್‌ಝೌ ಬಂದರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ

1757ರಿಂದ 1842ರವರೆಗೆ ಪಶ್ಚಿಮದ ವ್ಯಾಪಾರಿಗಳಿಗೆ ತೆರೆದಿದ್ದದ್ದು ಈ ಒಂದೇ ಬಂದರು. ಸರ್ಕಾರ ಗೊತ್ತುಮಾಡಿದ ವರ್ತಕರ ಕೂಟದ ಜೊತೆಗೇ ವ್ಯವಹರಿಸಬೇಕು, ವ್ಯಾಪಾರದ ಕಾಲ ಮುಗಿದ ಮೇಲೆ ಮಕಾವುಗೆ ಹೊರಡಬೇಕು, ಹೆಂಗಸರನ್ನು ಕರೆತರಬಾರದು. ದುಭಾಷಿಗಳು ಕೂಡ ಪರವಾನಗಿ ಪಡೆದವರೇ ಆಗಿರಬೇಕು.

ಈ ವ್ಯವಸ್ಥೆಯ ಬಿಗಿ ತಿಳಿಯಲು ಜೇಮ್ಸ್ ಫ್ಲಿಂಟ್‌ನ ಪ್ರಕರಣ ಓದಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಚೀನಿ ಭಾಷೆ ಬಲ್ಲ ಅಪರೂಪದ ಇಂಗ್ಲಿಷಿನವನು ಈತ. 1759ರಲ್ಲಿ ನೇರವಾಗಿ ಉತ್ತರಕ್ಕೆ ಹಡಗು ನಡೆಸಿ, ಗುವಾಂಗ್‌ಝೌ ಅಧಿಕಾರಿಗಳ ಲಂಚಕೋರತನದ ಮೇಲೆ ಚಕ್ರವರ್ತಿಗೆ ದೂರು ಸಲ್ಲಿಸಿದ. ಫ್ಲಿಂಟ್‌ಗೆ ಮಕಾವುನಲ್ಲಿ ಮೂರು ವರ್ಷ ಸೆರೆಯಾಯಿತು. ಅರ್ಜಿ ಬರೆದುಕೊಟ್ಟ ಚೀನಿಯನಿಗೆ ಮರಣದಂಡನೆಯಾಯಿತು. ನಾಲ್ಕನೆಯ ಪ್ರಶ್ನೆಯನ್ನು ಬಿಡಬೇಡಿ ಎಂದದ್ದು ಇದಕ್ಕೇ. ಇಂಗ್ಲಿಷ್ ಪುಸ್ತಕಗಳಲ್ಲಿ ಫ್ಲಿಂಟ್‌ಗೆ ಪುಟಗಳು ಸಿಗುತ್ತವೆ, ಆ ಇನ್ನೊಬ್ಬನಿಗೆ ಸಿಗುವುದು ಅರ್ಧ ವಾಕ್ಯ.

ನಂತರ 1793ಕ್ಕೆ ಬನ್ನಿ. ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ಚಿಯಾನ್‌ಲಾಂಗ್ ಚಕ್ರವರ್ತಿಯನ್ನು ಕಾಣಲು ಬಂದ. ಆತ ಚಕ್ರವರ್ತಿಗೆ ಸಾಷ್ಟಾಂಗ ಎರಗಿದನೇ, ಬರೀ ಮೊಣಕಾಲೂರಿದನೇ ಎಂಬ ಚರ್ಚೆಗೆ ಎಲ್ಲ ಪುಸ್ತಕಗಳೂ ಅಧ್ಯಾಯಗಟ್ಟಲೆ ಮೀಸಲಿಡುತ್ತವೆ. ಅದನ್ನು ಓದಿ, ಆದರೆ ಅಲ್ಲೇ ಸಿಕ್ಕಿಕೊಳ್ಳಬೇಡಿ. ಮಾತು ದಾಟಿಸಿದವರನ್ನು ನೋಡಿ: ಲೀ ಜಿಬಿಯಾವೊ ಎಂಬ ಚೀನಿ ಕ್ಯಾಥೊಲಿಕ್ ಪಾದ್ರಿ, ಇಟಲಿಯ ನೇಪಲ್ಸ್‌ನಲ್ಲಿ ಓದಿ ಲ್ಯಾಟಿನ್, ಇಟಾಲಿಯನ್ ಬಲ್ಲವನು. ಜೊತೆಗೆ ಹನ್ನೆರಡು ವರ್ಷದ ಹುಡುಗ ಜಾರ್ಜ್ ಥಾಮಸ್ ಸ್ಟಾಂಟನ್, ರಾಯಭಾರಿಯ ಕಾರ್ಯದರ್ಶಿಯ ಮಗ. ಹಡಗಿನ ದೀರ್ಘ ಪ್ರಯಾಣದಲ್ಲಿ ಅವನು ಪಾದ್ರಿಗಳಿಂದ ಚೀನಿ ಕಲಿತಿದ್ದ. ಹುಡುಗ ಚೀನಿ ಮಾತಾಡಿದ್ದು ಕೇಳಿ ಮೆಚ್ಚಿದ ಚಕ್ರವರ್ತಿ, ತನ್ನ ನಡುಪಟ್ಟಿಗೆ ಕಟ್ಟಿಕೊಂಡಿದ್ದ ಅಡಿಕೆ ಚೀಲವನ್ನೇ ಬಿಚ್ಚಿ ಅವನ ಕೈಗಿಟ್ಟ. ಅಡಿಕೆ ಹಾಕಿಕೊಳ್ಳುವ ಚೀಲ! ಮಲೆನಾಡಿನವರಿಗೆ ಈ ಚಕ್ರವರ್ತಿ ತಟ್ಟನೆ ಹತ್ತಿರದವನಾಗಿಬಿಡುತ್ತಾನೆ.

ಇನ್ನೂ ಹತ್ತಿರದ ಕೊಂಡಿ ಒಂದಿದೆ. ಆ ಹುಡುಗನ ತಂದೆ ಜಾರ್ಜ್ ಲಿಯೊನಾರ್ಡ್ ಸ್ಟಾಂಟನ್, 1784ರ ಮಾರ್ಚ್‌ನಲ್ಲಿ ಟಿಪ್ಪು ಸುಲ್ತಾನನೊಂದಿಗೆ ಮಂಗಳೂರು ಒಪ್ಪಂದಕ್ಕೆ ಸಹಿ ಹಾಕಿದ ಮೂವರು ಪ್ರತಿನಿಧಿಗಳಲ್ಲಿ ಒಬ್ಬ. ಅವನನ್ನು ಕಳಿಸಿದ್ದವನು ಆಗ ಮದ್ರಾಸಿನ ಗವರ್ನರ್ ಆಗಿದ್ದ ಇದೇ ಮೆಕಾರ್ಟ್ನಿ. ಮೈಸೂರಿನ ದರಬಾರು ಕಂಡವರೇ ಒಂಬತ್ತು ವರ್ಷದ ಮೇಲೆ ಚೀನಾದ ದರಬಾರಿನ ಮುಂದೆ ನಿಂತಿದ್ದರು. ಇವರಿಗೆ ಪೂರ್ವದ ರಾಜರ ಜೊತೆ ವ್ಯವಹರಿಸಿ ರೂಢಿಯಿತ್ತು ಎಂಬುದನ್ನು ನೆನಪಿಟ್ಟು ಓದಿದರೆ ರಾಯಭಾರದ ವರದಿಗಳು ಬೇರೆಯಾಗಿಯೇ ಕಾಣುತ್ತವೆ.

ಹುಡುಗನ ಗತಿ? ದೊಡ್ಡವನಾಗಿ ಗುವಾಂಗ್‌ಝೌನಲ್ಲಿ ಕಂಪನಿಯ ಕೆಲಸ ಮಾಡಿದ, ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ಸಾಮ್ರಾಜ್ಯದ ದಂಡಸಂಹಿತೆಯನ್ನು 1810ರಲ್ಲಿ ಇಂಗ್ಲಿಷಿಗೆ ತಂದ. 1840ರಲ್ಲಿ ಬ್ರಿಟಿಷ್ ಸಂಸತ್ತಿನ ಸದಸ್ಯನಾಗಿ ಚೀನಾದ ಮೇಲಿನ ಯುದ್ಧವನ್ನು ಬೆಂಬಲಿಸಿ ಮಾತಾಡಿದ. ಪರಸ್ಪರ ಅರಿತರೆ ಜಗಳ ತಪ್ಪುತ್ತದೆ ಎಂದು ನಂಬಿದವರು ಈ ಒಬ್ಬ ಮನುಷ್ಯನ ಬದುಕನ್ನು ಓದಬೇಕು.

ಹೆಜ್ಜೆ 4: ಒಂದು ಒಪ್ಪಂದವನ್ನು ಸ್ವತಃ ಓದಿ

ಒಪ್ಪಂದದ ಬಗ್ಗೆ ಬರೆದದ್ದನ್ನಲ್ಲ, ಒಪ್ಪಂದವನ್ನೇ. ಬ್ರಿಟನ್ನಿನೊಂದಿಗಿನ ಮೊದಲ ಅಫೀಮು ಯುದ್ಧವನ್ನು ಮುಗಿಸಿದ, 1842ರ ಆಗಸ್ಟ್ 29ರ ನಾನ್‌ಜಿಂಗ್ ಒಪ್ಪಂದದಲ್ಲಿ ಇರುವುದು 13 ಕಲಮುಗಳು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಪಾಠ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಓದುವಾಗ ಪೆನ್ಸಿಲ್ ಹಿಡಿದು ಎರಡು ಸಂಗತಿ ಹುಡುಕಿ.

ಒಂದು, ದುಡ್ಡಿನ ಲೆಕ್ಕ. ಒಟ್ಟು 2.1 ಕೋಟಿ ಬೆಳ್ಳಿ ಡಾಲರ್. ಅದರಲ್ಲಿ 1.2 ಕೋಟಿ ಯುದ್ಧದ ಖರ್ಚು, 30 ಲಕ್ಷ ಚೀನಿ ವರ್ತಕರು ಉಳಿಸಿಕೊಂಡಿದ್ದ ಸಾಲ, 60 ಲಕ್ಷ ಅಫೀಮಿನ ಬೆಲೆ. ಯಾವ ಅಫೀಮು? 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ ವಶಪಡಿಸಿಕೊಂಡು ಹುಮೆನ್ ತೀರದಲ್ಲಿ ಸುಣ್ಣ, ಉಪ್ಪು ಬೆರೆಸಿ ನಾಶಪಡಿಸಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳದ್ದು. ಕಳ್ಳಸಾಗಣೆಯ ಮಾಲಿಗೆ ಅದನ್ನು ಹಿಡಿದ ಸರ್ಕಾರವೇ ಬೆಲೆ ಕಟ್ಟಿಕೊಡಬೇಕಾಯಿತು.

ಎರಡು, ಬರೆಯದೆ ಬಿಟ್ಟದ್ದು. ಮುಂದೆ ಅಫೀಮು ಮಾರಬಹುದೇ, ಬಾರದೇ ಎಂಬ ಬಗ್ಗೆ ಇಡೀ ಒಪ್ಪಂದದಲ್ಲಿ ಒಂದಕ್ಷರವಿಲ್ಲ. ವ್ಯಾಪಾರಕ್ಕೆ ಕಾನೂನಿನ ಮುದ್ರೆ ಬಿದ್ದದ್ದು 1858ರಲ್ಲಿ. ಅದೇ ವರ್ಷದ ತಿಯಾನ್‌ಜಿನ್ ಒಪ್ಪಂದದಲ್ಲಿ, ಅರ್ಥದಲ್ಲಿ ಭಿನ್ನಾಭಿಪ್ರಾಯ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ ಎಂಬ ಕಲಮು ಸೇರಿತು.

ನಾನ್‌ಜಿಂಗ್‌ನಲ್ಲಿ ಬ್ರಿಟಿಷರ ಪರ ದುಭಾಷಿಗಳಲ್ಲಿ ಒಬ್ಬ ಕಾರ್ಲ್ ಗುಟ್ಸ್‌ಲಾಫ್ ಎಂಬ ಪ್ರಷ್ಯಾದ ಪಾದ್ರಿ. ಇದಕ್ಕೂ ಹತ್ತು ವರ್ಷ ಮೊದಲು ಅಫೀಮು ಹೊತ್ತ ಹಡಗಿನಲ್ಲಿ ದುಭಾಷಿಯಾಗಿ ಚೀನಾದ ಕರಾವಳಿ ಸುತ್ತಿದ್ದ. ಅದೇ ಹಡಗಿನಿಂದ ಕ್ರೈಸ್ತ ಧರ್ಮದ ಪುಸ್ತಿಕೆಗಳನ್ನೂ ಹಂಚಿದ್ದ. ಮೂರನೆಯ ಪ್ರಶ್ನೆಗೆ, ಅಂದರೆ ಸಂಬಳ ಯಾರದು ಎಂಬುದಕ್ಕೆ, ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೆಜ್ಜೆ 5: ಭೂಪಟದಲ್ಲಿ ಭಾರತವನ್ನೂ ಇಟ್ಟುಕೊಳ್ಳಿ

ಚೀನಾ ಮತ್ತು ಪಶ್ಚಿಮ ಎಂದು ಎರಡೇ ತುದಿ ಇಟ್ಟುಕೊಂಡರೆ ನಡುವಿನ ನೆಲ ಮಾಯವಾಗುತ್ತದೆ. ಆ ಅಫೀಮು ಬೆಳೆದದ್ದು ಬಿಹಾರ, ಬನಾರಸ್, ಮಾಳವದ ಹೊಲಗಳಲ್ಲಿ. ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದ ಕಾರ್ನ್‌ವಾಲಿಸ್ ಹಡಗು ಮುಂಬಯಿಯಲ್ಲಿ ಕಟ್ಟಿದ್ದು. ಯುದ್ಧದಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳಿದ್ದರು. ಎರಡನೆಯ ಅಫೀಮು ಯುದ್ಧದ 1860ರ ದಂಡಯಾತ್ರೆಯಲ್ಲಿ, ಇಂದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳೂ ಇದ್ದವು. ಆ ದಂಡಯಾತ್ರೆಯ ಕೊನೆಗೆ ಬೀಜಿಂಗ್ ಹೊರವಲಯದ ಬೇಸಿಗೆ ಅರಮನೆಯನ್ನು ಸುಡಲು ಆಜ್ಞೆ ಕೊಟ್ಟ ಲಾರ್ಡ್ ಎಲ್ಗಿನ್ ಎರಡು ವರ್ಷದೊಳಗೆ ಭಾರತದ ವೈಸರಾಯ್ ಆಗಿ ಬಂದ; ಧರ್ಮಶಾಲೆಯಲ್ಲಿ ಸತ್ತ. ಗ್ರೀಸಿನ ಅಮೃತಶಿಲೆಯ ಶಿಲ್ಪಗಳನ್ನು ಲಂಡನ್ನಿಗೆ ಸಾಗಿಸಿದವನು ಇವನ ಅಪ್ಪ. ಮನೆತನದ ಕಸುಬು ಎನ್ನಬೇಕೇನೋ.

ಹೆಜ್ಜೆ 6: ಓದಲು ಹೋದ ಹುಡುಗರನ್ನು, ಓದದೇ ಅನುವಾದಿಸಿದವನನ್ನು ಹಿಂಬಾಲಿಸಿ

ಈ ದಾರಿಯ ಅತ್ಯಂತ ರುಚಿಕಟ್ಟಾದ ಭಾಗ ಇದು. ಸಮಯ ಕಡಿಮೆಯಿದ್ದರೆ ಉಳಿದದ್ದನ್ನು ಬಿಟ್ಟು ಇದೊಂದನ್ನೇ ಓದಿ.

ಯುಂಗ್ ವಿಂಗ್ (ಹೊಸ ಪುಸ್ತಕಗಳಲ್ಲಿ ರೋಂಗ್ ಹೋಂಗ್) 1854ರಲ್ಲಿ ಅಮೆರಿಕದ ಯೇಲ್‌ನಲ್ಲಿ ಪದವಿ ಪಡೆದವನು. ಊರಿಗೆ ಮರಳಿ, ವರ್ಷಗಟ್ಟಲೆ ಅಧಿಕಾರಿಗಳ ಬಾಗಿಲು ಕಾದು, ಕೊನೆಗೆ 120 ಹುಡುಗರನ್ನು ಓದಲು ಅಮೆರಿಕಕ್ಕೆ ಕಳಿಸುವ ಯೋಜನೆಗೆ ಒಪ್ಪಿಗೆ ಪಡೆದ. 1872ರಿಂದ 1875ರವರೆಗೆ ವರ್ಷಕ್ಕೆ ಮೂವತ್ತರಂತೆ ಹೊರಟರು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣ ಅವರ ಕೇಂದ್ರ. ಹುಡುಗರಿದ್ದದ್ದು ಅಮೆರಿಕನ್ನರ ಮನೆಗಳಲ್ಲಿ. ನಿಲುವಂಗಿ, ಉದ್ದ ಜಡೆಯಲ್ಲಿ ಬಂದವರು ಬೇಸ್‌ಬಾಲ್ ಆಡತೊಡಗಿದರು, ಕೆಲವರು ಚರ್ಚಿಗೆ ಹೋದರು, ಕೆಲವರು ಜಡೆ ಕತ್ತರಿಸಿಕೊಂಡರು. ಮಕ್ಕಳು ಕೈತಪ್ಪುತ್ತಿದ್ದಾರೆ ಎಂಬ ದೂರು ಬೀಜಿಂಗ್ ತಲುಪಿತು. ಅತ್ತ ಅಮೆರಿಕ ತನ್ನ ಸೈನಿಕ ಕಾಲೇಜುಗಳಲ್ಲಿ ಇವರಿಗೆ ಪ್ರವೇಶವಿಲ್ಲವೆಂದಿತು. ಹದಿನೈದು ವರ್ಷ ನಡೆಯಬೇಕಿದ್ದ ಯೋಜನೆಯನ್ನು 1881ರಲ್ಲಿ ಮುಚ್ಚಿ ಎಲ್ಲರನ್ನೂ ವಾಪಸು ಕರೆಸಿಕೊಂಡರು. ಮರುವರ್ಷವೇ ಅಮೆರಿಕ ಚೀನಿ ಕಾರ್ಮಿಕರ ಪ್ರವೇಶ ನಿಷೇಧಿಸುವ ಕಾನೂನು ತಂದಿತು. ಈ ಎರಡು ಘಟನೆಗಳನ್ನು ನಿಮ್ಮ ಟಿಪ್ಪಣಿಯಲ್ಲಿ ಒಂದರ ಪಕ್ಕ ಒಂದು ಬರೆಯಿರಿ. ಬಹುತೇಕ ಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ.

ಅವಮಾನದಲ್ಲಿ ಮರಳಿದ ಆ ಹುಡುಗರಲ್ಲಿ ಒಬ್ಬ ಝಾನ್ ತಿಯಾನ್‌ಯೌ. ಯೇಲ್ ಪದವಿ ಮುಗಿಸಿಯೇ ಬಂದಿದ್ದ. ಬೀಜಿಂಗ್‌ನಿಂದ ಝಾಂಗ್‌ಜಿಯಾಕೌಗೆ ಬೆಟ್ಟಗಳ ನಡುವೆ, ವಿದೇಶಿ ಎಂಜಿನಿಯರುಗಳ ನೆರವಿಲ್ಲದೆ, 1905ರಿಂದ 1909ರೊಳಗೆ ರೈಲು ಮಾರ್ಗ ಕಟ್ಟಿದ. ಮಹಾಗೋಡೆಯ ಬಳಿ ಕಡಿದಾದ ಏರಿನಲ್ಲಿ ರೈಲು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಚಲಿಸುತ್ತ ಹತ್ತುವಂತೆ ಹಳಿ ಹಾಕಿದ್ದು ಅವನೇ. ಇನ್ನೊಬ್ಬ, ತಾಂಗ್ ಶಾವೊಯಿ, 1912ರಲ್ಲಿ ಗಣರಾಜ್ಯದ ಮೊದಲ ಪ್ರಧಾನಿಯಾದ.

ಈಗ ಹಾರ್ಟ್‌ಫರ್ಡ್‌ನಿಂದಲೇ ಹೊರಡುವ ಎರಡನೆಯ ಎಳೆ. ಗುಲಾಮಗಿರಿಯ ವಿರುದ್ಧ ಬರೆದ ಅಂಕಲ್ ಟಾಮ್ಸ್ ಕ್ಯಾಬಿನ್ ಕಾದಂಬರಿಯ ಕರ್ತೃ ಹ್ಯಾರಿಯೆಟ್ ಬೀಚರ್ ಸ್ಟೋವ್ ಇದ್ದದ್ದು ಆಗ ಅದೇ ಪಟ್ಟಣದಲ್ಲಿ. ಆ ಕಾದಂಬರಿ 1901ರಲ್ಲಿ ಚೀನಿ ಭಾಷೆಗೆ ಬಂತು. ತಂದವನು ಲಿನ್ ಶು. ಅವನಿಗೆ ಇಂಗ್ಲಿಷ್ ಬಾರದು, ಫ್ರೆಂಚ್ ಬಾರದು, ಯಾವ ಪರಭಾಷೆಯೂ ಬಾರದು. ಭಾಷೆ ಬಲ್ಲ ಗೆಳೆಯರು ಪುಸ್ತಕ ಹಿಡಿದು ಬಾಯಲ್ಲಿ ಹೇಳುತ್ತಿದ್ದರು, ಇವನು ಹಳೆಯ ಶಾಸ್ತ್ರೀಯ ಗದ್ಯದಲ್ಲಿ ಸರಸರನೆ ಬರೆಯುತ್ತಿದ್ದ. ಹೀಗೆ ಸುಮಾರು 180 ಕೃತಿಗಳನ್ನು ತಂದ. ರಿಚ್ಚಿ ಮತ್ತು ಶು ಗುವಾಂಗ್‌ಚಿ ಕುಳಿತ ಅದೇ ಪದ್ಧತಿ, ಆದರೆ ಈಗ ಎರಡೂ ಕಡೆ ಕುಳಿತವರು ಚೀನಿಯರು.

ಮುನ್ನುಡಿಗಳನ್ನು ಹುಡುಕಿ ಓದಿ ಎಂದು ಹೇಳುವುದಕ್ಕೆ ಲಿನ್ ಶುಗಿಂತ ಬೇರೆ ಕಾರಣ ಬೇಡ. ಆಫ್ರಿಕದ ಗುಲಾಮರ ಕಥೆಯನ್ನು ಅವನು ಅಮೆರಿಕದಲ್ಲಿ ಚೀನಿ ಕೂಲಿಗಳು ಪಡುತ್ತಿದ್ದ ಪಾಡಿಗೆ ಕನ್ನಡಿಯಾಗಿ ಹಿಡಿದ. 1907ರಲ್ಲಿ ಟೋಕಿಯೊದಲ್ಲಿ ಓದುತ್ತಿದ್ದ ಚೀನಿ ವಿದ್ಯಾರ್ಥಿಗಳು ಅದನ್ನು ನಾಟಕ ಮಾಡಿ ಆಡಿದರು; ಹಾಡಿನ ಬದಲು ಮಾತಿನಲ್ಲೇ ನಡೆಯುವ ಚೀನಾದ ಆಧುನಿಕ ರಂಗಭೂಮಿಯ ಆರಂಭವನ್ನು ಚರಿತ್ರೆಕಾರರು ಗುರುತಿಸುವುದು ಅಲ್ಲಿಂದ. ಅಮೆರಿಕದ ಕಾದಂಬರಿ, ಇಂಗ್ಲಿಷ್ ಬಾರದ ಅನುವಾದಕ, ಜಪಾನಿನ ರಂಗಮಂದಿರ. ಪಶ್ಚಿಮದ ಪ್ರಭಾವ ಎಂಬ ಎರಡು ಪದದಲ್ಲಿ ಇದನ್ನು ಮುಗಿಸುವ ಪುಸ್ತಕಗಳಿಂದ ದೂರವಿರಿ.

ಹೆಜ್ಜೆ 7: ಎಲ್ಲರಿಗೂ ಗೊತ್ತಿರುವ ಕಥೆಗಳನ್ನು ಒಮ್ಮೆ ಒರೆಗೆ ಹಚ್ಚಿ

ಶಾಂಘೈ ನದಿದಂಡೆಯ ಉದ್ಯಾನದಲ್ಲಿ ‘ನಾಯಿಗಳಿಗೂ ಚೀನಿಯರಿಗೂ ಪ್ರವೇಶವಿಲ್ಲ’ ಎಂಬ ಫಲಕವಿತ್ತು ಎಂದು ಎಲ್ಲ ಕಡೆ ಓದುತ್ತೇವೆ. ಆ ಉದ್ಯಾನದ ನಿಯಮಗಳ ಪಟ್ಟಿ ಉಳಿದಿದೆ. ಉದ್ಯಾನ ವಿದೇಶಿಯರಿಗೆ ಮೀಸಲು ಎಂಬುದು ಒಂದು ನಿಯಮ. ನಾಯಿ, ಸೈಕಲ್ ತರಬಾರದು ಎಂಬುದು ಇನ್ನೊಂದು. ವಿದೇಶಿಯರ ಮಕ್ಕಳನ್ನು ಆಡಿಸುವ ಆಯಾಗಳಿಗೆ ವಿನಾಯಿತಿ ಇತ್ತು. ಒಂದೇ ಸಾಲಿನ ಆ ಫಲಕ ಜನರ ಸಿಟ್ಟು ಕಟ್ಟಿದ್ದು. ಹಾಗೆಂದು ಫಲಕ ಸುಳ್ಳು ಎಂದು ಸಾಧಿಸಿ, ಅವಮಾನವೂ ಸುಳ್ಳು ಎಂಬ ತೀರ್ಮಾನಕ್ಕೆ ಜಿಗಿಯುವ ಲೇಖಕರೂ ಇದ್ದಾರೆ. ಚೀನಿಯರು ತಮ್ಮದೇ ನೆಲದ ಆ ಉದ್ಯಾನದೊಳಗೆ ಕಾಲಿಡಲು 1928ರವರೆಗೆ ಕಾಯಬೇಕಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಕಲಿಯಿರಿ.

ಹೆಜ್ಜೆ 8: ಹಿಮ್ಮುಖ ಸಂಚಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಬೀಜಿಂಗ್ ವಿದ್ಯಾರ್ಥಿಗಳು ಶುರು ಮಾಡಿದ 1919ರ ಮೇ ನಾಲ್ಕರ ಚಳವಳಿ, ಆ ವರ್ಷವೇ ಬಂದು ಎರಡು ವರ್ಷ ಉಪನ್ಯಾಸ ಕೊಟ್ಟ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ, ಹಿಂದೆಯೇ ಬಂದ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇವರೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತಾರೆ. ನೀವು ಹುಡುಕಿಕೊಂಡು ಹೋಗಬೇಕಾದದ್ದು ಚೀನಾದಿಂದ ಹೊರಗೆ ಹೋದದ್ದನ್ನು. ಸ್ತ್ರೀಪಾತ್ರಕ್ಕೆ ಹೆಸರಾದ ಪೀಕಿಂಗ್ ಒಪೆರಾ ನಟ ಮೇಯ್ ಲಾನ್‌ಫಾಂಗ್ 1930ರಲ್ಲಿ ಅಮೆರಿಕದಲ್ಲಿ, 1935ರಲ್ಲಿ ಮಾಸ್ಕೋದಲ್ಲಿ ಪ್ರದರ್ಶನ ಕೊಟ್ಟ. ಮಾಸ್ಕೋದಲ್ಲಿ ಅವನನ್ನು ನೋಡಿದವರಲ್ಲಿ ಬರ್ಟೋಲ್ಟ್ ಬ್ರೆಕ್ಟ್ ಒಬ್ಬ. ನಟ ಪಾತ್ರದೊಳಗೆ ಕರಗಿಹೋಗದೆ ಪಾತ್ರವನ್ನು ತೋರಿಸಬೇಕು ಎಂಬ ಬ್ರೆಕ್ಟ್‌ನ ವಿಚಾರ ಗಟ್ಟಿಯಾದದ್ದು ಈ ಚೀನಿ ನಟನೆಯ ಬಗ್ಗೆ ಅವನು ಬರೆದ ಲೇಖನದಲ್ಲಿ. ಬ್ರೆಕ್ಟ್‌ನ ನಾಟಕಗಳನ್ನು ಕನ್ನಡಕ್ಕೆ ತಂದು ಆಡಿದ ನಮ್ಮ ರಂಗಭೂಮಿಯವರಿಗೆ ಈ ಕೊಂಡಿ ತಿಳಿದಿರಬೇಕು. ಬ್ರೆಕ್ಟ್ ತನಗೆ ಬೇಕಾದದ್ದನ್ನೇ ಅಲ್ಲಿ ಕಂಡ ಎಂಬ ಆಕ್ಷೇಪವೂ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಲಿನ್ ಶು ಮಾಡಿದ್ದೂ ಅದನ್ನೇ ಅಲ್ಲವೇ?

ಹೆಜ್ಜೆ 9: 1949ರ ನಂತರ ಬಾಗಿಲು ಮುಚ್ಚಿತು ಎಂದು ಬರೆದುಕೊಳ್ಳಬೇಡಿ

ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಪಶ್ಚಿಮದ ಕಡೆಯ ಒಂದು ಬಾಗಿಲು ಮುಚ್ಚಿತು, ಮಾಸ್ಕೋ ಕಡೆಯದು ತೆರೆಯಿತು. 1960ರಲ್ಲಿ ಸೋವಿಯತ್ ತಜ್ಞರು ಗಂಟುಮೂಟೆ ಕಟ್ಟಿದಾಗ ಅದೂ ಮುಚ್ಚಿತು. 1971ರಲ್ಲಿ ಜಪಾನಿನ ನಗೋಯಾದ ಟೇಬಲ್ ಟೆನಿಸ್ ಪಂದ್ಯಗಳ ವೇಳೆ ಅಮೆರಿಕದ ಆಟಗಾರನೊಬ್ಬ ಚೀನಿ ತಂಡದ ಬಸ್ಸು ಹತ್ತಿದ. ಚಾಂಪಿಯನ್ ಝುವಾಂಗ್ ಝೆಡಾಂಗ್ ಅವನಿಗೆ ರೇಷ್ಮೆಯ ಚಿತ್ರವೊಂದನ್ನು ಕೊಟ್ಟ. ಕೆಲವೇ ದಿನಗಳಲ್ಲಿ ಅಮೆರಿಕದ ತಂಡ ಬೀಜಿಂಗ್‌ನಲ್ಲಿತ್ತು, ಮರುವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್. ಈ ಪ್ರಸಂಗವನ್ನೂ ನಾಲ್ಕು ಪ್ರಶ್ನೆಗಳೊಂದಿಗೇ ಓದಿ. ಬಸ್ಸಿನಲ್ಲೂ ದುಭಾಷಿಯೊಬ್ಬ ಇದ್ದ.

ಇನ್ನು ಸಾಮಗ್ರಿ ಎಲ್ಲಿ?

ಹಳೆಯ ಪ್ರವಾಸ ಕಥನಗಳು, ರಾಯಭಾರದ ವರದಿಗಳು, ಯುಂಗ್ ವಿಂಗ್‌ನ ಆತ್ಮಕಥೆ ಇವೆಲ್ಲ ಹಕ್ಕುಸ್ವಾಮ್ಯದ ಅವಧಿ ಮುಗಿದವು. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಬ್ರಿಸ್ಟಲ್ ವಿಶ್ವವಿದ್ಯಾಲಯ ಚೀನಾದ ಹಳೆಯ ಛಾಯಾಚಿತ್ರಗಳ ದೊಡ್ಡ ಸಂಗ್ರಹವನ್ನು ಜಾಲದಲ್ಲಿಟ್ಟಿದೆ. ಗುವಾಂಗ್‌ಝೌ ವ್ಯಾಪಾರ ಮತ್ತು ಅಫೀಮು ಯುದ್ಧದ ಚಿತ್ರಸಹಿತ ಪಾಠಗಳು ಅಮೆರಿಕದ ಎಂಐಟಿ ಸಂಸ್ಥೆಯ ಜಾಲತಾಣದಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಪಶ್ಚಿಮದವರು ಬರೆದದ್ದು, ತೆಗೆದದ್ದು ಎಂಬ ಎಚ್ಚರವಿರಲಿ. ಚೀನಿಯರೇ ಬರೆದ ಪತ್ರ, ದಿನಚರಿಗಳ ಇಂಗ್ಲಿಷ್ ಅನುವಾದಗಳ ಸಂಕಲನ ಯಾವುದಾದರೂ ಒಂದು ಕೈಯಳತೆಯಲ್ಲಿರಬೇಕು.

ಮೊದಲ ಸುತ್ತು ಮುಗಿದ ಮೇಲೆ ಇಡೀ ಚರಿತ್ರೆಯನ್ನು ಮತ್ತೆ ಓದಲು ಹೋಗಬೇಡಿ. ಒಂದೇ ವಸ್ತು ಆರಿಸಿಕೊಳ್ಳಿ. ವೈದ್ಯಕೀಯದಲ್ಲಿ ಆಸಕ್ತಿಯಿದ್ದರೆ ಅಮೆರಿಕದ ವೈದ್ಯ, ಪಾದ್ರಿ ಪೀಟರ್ ಪಾರ್ಕರ್ 1835ರಲ್ಲಿ ಗುವಾಂಗ್‌ಝೌನಲ್ಲಿ ತೆರೆದ ಕಣ್ಣಿನ ಆಸ್ಪತ್ರೆಯಿಂದ ಶುರು ಮಾಡಿ. ಅಲ್ಲಿನ ರೋಗಿಗಳನ್ನು ಲಾಮ್ ಕ್ವಾ ಎಂಬ ಚೀನಿ ಕಲಾವಿದ ಪಾಶ್ಚಾತ್ಯ ತೈಲವರ್ಣದಲ್ಲಿ ಚಿತ್ರಿಸಿದ್ದಾನೆ. ಕೃಷಿಯಾದರೆ ಚಹಾ. ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಫಾರ್ಚೂನ್ 1848ರಲ್ಲಿ ಹೊರಟು, ಚೀನಿ ಉಡುಪು ತೊಟ್ಟು ಒಳನಾಡು ಹೊಕ್ಕು, ಸಸಿಗಳನ್ನೂ ಚಹಾ ತಯಾರಿಸುವ ಕೆಲಸಗಾರರನ್ನೂ ಹಿಮಾಲಯದ ತಪ್ಪಲಿನ ತೋಟಗಳಿಗೆ ಸಾಗಿಸಿದ. ಫಾರ್ಚೂನ್ ಬರೆದದ್ದು ಬೇಕಾದಷ್ಟಿದೆ. ನೀವು ಹುಡುಕಬೇಕಾದದ್ದು ಅವನ ಜೊತೆ ಬಂದ ಆ ಕೆಲಸಗಾರರನ್ನು.